ಬೆಳಗಿನ ಬಸ್ಸಿನ ಮಹಾರಾಣಿ

ನಾನು ಬೆಚ್ಚಿಬೀಳುವುದಕ್ಕೆ ಭೂಕಂಪವೇನೂ ಬೇಕಾಗಿಲ್ಲ, ಒಂದು ಧಾರಾವಾಹಿ ಸಾಕು. ಇಂಥವು ನನಗೆ ಆಗುತ್ತಲೇ ಇರುತ್ತವೆ. ಈ ಸಲದ್ದು ಮಾತ್ರ ಸ್ವಲ್ಪ ಅತಿಯಾಯಿತು.

ನಾನು ಕೊಪ್ಪದವಳು, ಶೃಂಗೇರಿಯಲ್ಲಿ ಟೀಚರ್. ನಡುವೆ ಎರಡು ವರ್ಷ ನರಸಿಂಹರಾಜಪುರಕ್ಕೆ ಹಾಕಿದ್ದರು. ಅಲ್ಲಿಂದ ಬಸ್ಸು ನನ್ನನ್ನು ಮನೆ ಮುಟ್ಟಿಸುವಷ್ಟರಲ್ಲಿ ನನ್ನ ಪ್ರೀತಿಯ ಮಾಯಾಮಂತ್ರದ ಧಾರಾವಾಹಿ ಮುಗಿದು ವಾರ್ತೆ ಶುರುವಾಗಿರುತ್ತಿತ್ತು. ಮೊಬೈಲಲ್ಲಿ ನೋಡಬಹುದಿತ್ತಲ್ಲ ಎನ್ನುವವರು ನಮ್ಮನೆಯ ನೆಟ್‌ವರ್ಕ್ ಕಂಡವರಲ್ಲ. ಮತ್ತೆ ಶೃಂಗೇರಿಗೆ ಆರ್ಡರ್ ಬಂದಾಗ ನನಗೆ ಖುಷಿಯಾದದ್ದು ಸ್ಕೂಲಿಗಿಂತ ಹೆಚ್ಚು ಬೆಳಗಿನ ಬಸ್ಸಿಗೆ. ಅದರ ಮುಂದಿನ ಸೀಟುಗಳಲ್ಲಿ ನಮ್ಮದೊಂದು ಗುಂಪಿತ್ತು. ಹಿಂದಿನ ದಿನದ ಕಥೆಯನ್ನು ಶೃಂಗೇರಿ ಬರುವವರೆಗೂ ಜಗಿಯುವುದೇ ಅದರ ಕೆಲಸ. ಕಥೆ ಗೊತ್ತಿಲ್ಲದವಳಿಗೆ ಅಲ್ಲಿ ಜಾಗ ಸಿಕ್ಕೀತೇ ಎನ್ನುವುದೊಂದೇ ನನ್ನ ಹೆದರಿಕೆ.

ಸುದ್ದಿ ತಡವಾಗಿ ಮುಟ್ಟಿದ್ದು

ಆ ಬಸ್ಸು ಹತ್ತುವ ಹಿಂದಿನ ಸಂಜೆ ತಯಾರಿಗೆಂದು ಟಿ.ವಿ. ಮುಂದೆ ಕೂತೆ. ನಾನು ಬಿಟ್ಟಾಗ ಮಹಾರಾಣಿ ಸಿಂಹಾಸನದ ಮೇಲಿದ್ದಳು, ಮಾಂತ್ರಿಕ ಗುಹೆಯಲ್ಲಿದ್ದ. ಈಗ ಸಿಂಹಾಸನದ ಮೇಲೆ ಮಾಂತ್ರಿಕ, ಮಹಾರಾಣಿಯ ಪಟಕ್ಕೆ ಹಾರ! ಅವಳ ಬಿಳಿಗಡ್ಡದ ಅಪ್ಪ ಮರುಜನ್ಮ ಎತ್ತಿ ತೊಟ್ಟಿಲಲ್ಲಿ ಮಲಗಿದ್ದ.

"ಅಯ್ಯಯ್ಯೋ, ಹೋಗ್ಬಿಟ್ಲಲ್ಲ!" ಎಂದು ಕೂಗಿಕೊಂಡೆ.

ಹಿತ್ತಲಲ್ಲಿದ್ದ ನನ್ನ ಗಂಡ ಓಡಿಬಂದರು. "ಯಾರು ಹೋದ್ರು?"

"ಮಹಾರಾಣಿ!"

"ಅಷ್ಟೇನಾ? ಅವಳು ಹೋಗಿ ವರ್ಷದ ಮೇಲಾಯ್ತು ಮಾರಾಯ್ತಿ. ವಿಷ ಹಾಕಿದ್ದು ಅವಳ ತಂಗಿನೇ."

ಧಾರಾವಾಹಿ ಎಂದರೆ ಮೂಗು ಮುರಿಯುತ್ತ, ವಾರ್ತೆ ಬಿಟ್ಟು ಬೇರೇನೂ ನೋಡುವುದಿಲ್ಲ ಎಂದು ಊರಿಡೀ ಹೇಳಿಕೊಂಡು ಬಂದ ಮನುಷ್ಯ ಇವರು.

ಸತ್ತವಳು ಹೊಡೆದದ್ದು

ಮರುದಿನ ಬಸ್ಸು ಹತ್ತಿದರೆ, ಕಿಗ್ಗಕ್ಕೆ ಕೆಲಸಕ್ಕೆ ಹೋಗುವ ನರ್ಸಕ್ಕ ಚೀಲ ಇಟ್ಟು ನನಗೆ ಸೀಟು ಹಿಡಿದಿದ್ದರು. ಕಣ್ಣು ತುಂಬಿಬಂತು. ಪಕ್ಕದಲ್ಲಿ ಬಾಳಗಡಿಯ ಹುಡುಗಿ, ಲೈಬ್ರರಿಯಲ್ಲಿ ಕೆಲಸ ಮಾಡುವವಳು.

"ನಿನ್ನೆ ಮಹಾರಾಣಿ ಮಾಂತ್ರಿಕನ ಕಪಾಳಕ್ಕೆ ಒಂದು ಬಿಟ್ಲು ನೋಡು!" ಎಂದರು ನರ್ಸಕ್ಕ.

ಹಾರ ಹಾಕಿಸಿಕೊಂಡವಳು ಹೊಡೆದದ್ದು ಹೇಗೆ? ಕೇಳಿದರೆ ನನ್ನ ಬಣ್ಣ ಬಯಲಾಗುತ್ತದೆ. "ಸುಮ್ನೆ ಬಿಟ್ಲಾ? ಹಲ್ಲೆಲ್ಲ ಉದುರೋ ಹಾಗೆ ಬಿಟ್ಲು" ಎಂದು ಬಾಯಿಗೆ ಬಂದದ್ದು ಸೇರಿಸಿದೆ.

ಹುಡುಗಿ ಚಪ್ಪಾಳೆ ತಟ್ಟಿದಳು. ಆವತ್ತಿನಿಂದ ಬಸ್ಸಿನಲ್ಲಿ ಮಾಂತ್ರಿಕನಿಗೆ ಬೊಚ್ಚುಬಾಯಿ.

ಡಾಕ್ಟರು ಗಾಬರಿಯಾದದ್ದು

ಎಲ್ಲರೂ ಒಪ್ಪಿಕೊಂಡರೆಂದರೆ ನಾನು ಊಹಿಸಿ ಹೇಳಿದ್ದೇ ನಿಜವಾಗಿರಬೇಕು ಎಂದುಕೊಂಡೆ. ಆದರೆ ಸಂಜೆ ನೋಡಿದರೆ ಮಾಂತ್ರಿಕ ಮೂವತ್ತೆರಡು ಹಲ್ಲೂ ಬಿಟ್ಟು ನಗುತ್ತಿದ್ದಾನೆ. ವಾರವಿಡೀ ಹೀಗೇ. ಕನ್ನಡಕದ್ದೇ ತಪ್ಪಿರಬೇಕೆಂದು ಕಣ್ಣಿನ ಡಾಕ್ಟರ ಬಳಿ ಹೋದೆ.

"ಇಲ್ಲದ ಹಲ್ಲು ಕಾಣ್ತಾ ಇದೆ ಡಾಕ್ಟ್ರೇ."

"ಯಾರ ಹಲ್ಲು?"

"ಮಾಂತ್ರಿಕಂದು."

ಅವರು ಕಣ್ಣು ನೋಡುವುದು ಬಿಟ್ಟು ಬಿ.ಪಿ. ನೋಡಿದರು.

ಬಸ್ಸು ಗುಟ್ಟು ಬಿಟ್ಟುಕೊಟ್ಟದ್ದು

ಇದಕ್ಕಿಂತ ಕಷ್ಟವೆಂದರೆ, ನಾನು ಟಿ.ವಿ.ಯಲ್ಲಿ ಕಂಡದ್ದನ್ನು ಹೇಳಿದ ದಿನ ಎಲ್ಲರೂ ಗಪ್‌ಚಿಪ್. ತೊಟ್ಟಿಲಿನ ಅಜ್ಜ ರೆಕ್ಕೆ ಕುದುರೆ ಹತ್ತಿ ಚಂದ್ರನಲ್ಲಿ ಅವಿತ ಕಥೆ ಹೇಳಿದಾಗ ನರ್ಸಕ್ಕ ಕನಿಕರದಿಂದ ನನಗೊಂದು ಪೆಪ್ಪರಮಿಂಟು ಕೊಟ್ಟರು. ಅವಮಾನವಾಯಿತು. ತಿಂಗಳು ತಡೆದುಕೊಂಡು ಒಂದು ದಿನ ಹೇಳಿಯೇಬಿಟ್ಟೆ.

"ನಂಗೆ ಈ ಕಥೆ ತಲೆಬುಡ ಗೊತ್ತಾಗ್ತಿಲ್ಲ. ಮಹಾರಾಣಿ ಸತ್ತಿದಾಳೆ, ಕಣ್ಣಾರೆ ನೋಡಿದೀನಿ. ನಾಳೆಯಿಂದ ಹಿಂದಿನ ಸೀಟಲ್ಲಿ ಕೂತ್ಕೊಳ್ತೀನಿ ಬಿಡಿ."

ನರ್ಸಕ್ಕ ನನಗಿಂತ ಹೆಚ್ಚು ಬೆಚ್ಚಿಬಿದ್ದರು. "ನೀನು ಇನ್ನೂ ಟಿ.ವಿ. ನೋಡ್ತೀಯಾ?"

ಕಂಡಕ್ಟರ್ ಕಂಬ ಹಿಡಿದು ನಕ್ಕ. "ಅವಳನ್ನ ಸಾಯ್ಸಿದ ದಿನವೇ ಇವ್ರೆಲ್ಲ ಸಿಟ್ಟಲ್ಲಿ ನೋಡೋದು ಬಿಟ್ರು ಟೀಚರ್. ಆಮೇಲೆ ಕಥೆ ಈ ಬಸ್ಸಲ್ಲೇ ಆಗೋದು, ದಿನಕ್ಕೊಬ್ರು ಕಟ್ತಾರೆ. ನಾಳೆ ನಂದೇ ಸರದಿ."

ನನ್ನ ತಲೆ ಗಿರ್ರೆಂದಿತು. "ಹಾಗಾದ್ರೆ ನಾನು ದಿನಾ ಹೇಳ್ತಿದ್ದದ್ದು?"

"ನೀವೇ ಕಟ್ಟಿದ್ದು ಅಂದ್ಕೊಂಡಿದ್ವಿ ಟೀಚರ್" ಎಂದಳು ಹುಡುಗಿ.

ನರ್ಸಕ್ಕ ನನ್ನ ಕೈ ಹಿಡಿದುಕೊಂಡರು. "ಹಿಂದೆ ಯಾಕೆ ಹೋಗ್ತೀಯಾ, ಇಲ್ಲೇ ಕೂತ್ಕೊ. ಆ ಹಲ್ಲು ಉದುರ್ಸಿದ್ದು ಎಷ್ಟು ಚೆನ್ನಾಗಿತ್ತು! ಆದ್ರೆ ಅಜ್ಜ ತೊಟ್ಟಿಲಿಂದ ಎದ್ದು ಚಂದ್ರಂಗೆ ಹೋಗೋದೆಲ್ಲ ಯಾರು ನಂಬ್ತಾರೆ ಮಾರಾಯ್ತಿ? ಎರಡು ವರ್ಷ ಅಭ್ಯಾಸ ತಪ್ಪಿದೆ ಪಾಪ ಅಂತ ನಾವೇ ಸುಮ್ನಿದ್ವಿ."