ಕನ್ನಡಕ ಹಾಕಿಕೊಂಡೇ ಒಳಗೆ ಬನ್ನಿ

ನನ್ನ ಮೊಮ್ಮಗಳಷ್ಟು ವಿಚಿತ್ರದ ಡಾಕ್ಟರು ಈ ಮೈಸೂರಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ನಾನೇ ಕೈಯಾರೆ ಒಬ್ಬಟ್ಟು ಮಾಡಿ ಬಡಿಸುತ್ತೇನೆ! ಬೇರೆಯವರು ಬೋರ್ಡು ಹಾಕಿ ಜನರನ್ನು ಕರೆಯುತ್ತಾರೆ. ಇವಳು ಬಂದವರನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಅವರ ಕಷ್ಟವನ್ನೆಲ್ಲ ಕೇಳಿ, ಕೊನೆಗೆ ‘ಇವತ್ತು ಆಗಲ್ಲ, ಹೋಗ್ಬನ್ನಿ’ ಅನ್ನುತ್ತಾಳೆ. ಇದಕ್ಕಾ ನಾವು ಇವಳನ್ನು ಅಷ್ಟು ವರ್ಷ ಓದಿಸಿದ್ದು?

ಅವಳು ಚರ್ಮದ ಡಾಕ್ಟರು. ಸಿದ್ಧಾರ್ಥನಗರದ ನಮ್ಮ ಮನೆಯ ಮುಂದಿನ ಎರಡು ಕೋಣೆಗಳೇ ಅವಳ ಕ್ಲಿನಿಕ್ಕು. ಬೇಡದ ಕೂದಲು, ಕಪ್ಪು ಕಲೆ, ಹಚ್ಚೆ, ಇವನ್ನೆಲ್ಲ ಲೇಸರ್ ಮಿಷನ್ನಿನಿಂದ ತೆಗೆಯುತ್ತಾಳೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಲೇಸರ್ ಅಂದರೆ ಏನು ಅಂತ ಅವಳನ್ನೇ ಕೇಳಿದೆ.

“ಬೆಳಕು ಅಜ್ಜಿ. ಬರೀ ಬೆಳಕು. ಆದ್ರೆ ಸಿಟ್ಟು ಜಾಸ್ತಿ ಇರೋ ಬೆಳಕು.”

ಆ ಬೆಳಕಿನ ಸಿಟ್ಟೋ ಇವಳ ಸಿಟ್ಟೋ, ಯಾವುದು ಜಾಸ್ತಿ ಅಂತ ನನಗೆ ಕ್ಲಿನಿಕ್ಕು ಶುರುವಾದ ದಿನವೇ ಗೊತ್ತಾಯಿತು. ಒಳ್ಳೆಯದಾಗಲಿ ಅಂತ ತಾಯಿ ಚಾಮುಂಡಿಯ ಫೋಟೋಗೆ ಗಾಜು ಹಾಕಿಸಿ ತಂದಿದ್ದೆ. ಒಂದು ದೀಪ, ಫಳಫಳ ಹೊಳೆಯುವ ಸ್ಟೀಲ್ ಚೊಂಬು. ಮಿಷನ್ನಿನ ಕೋಣೆಯ ಬಾಗಿಲಲ್ಲೇ ಇವಳು ಅಡ್ಡ ನಿಂತಳು.

“ದೀಪ ಬೇಡ, ಒಳಗೆ ಸ್ಪಿರಿಟ್ ಇದೆ. ಚೊಂಬೂ ಬೇಡ. ಫೋಟೋನೂ ಬೇಡ.”

“ತಾಯಿನೂ ಬ್ಯಾಡ್ವೇನೇ?”

“ತಾಯಿ ಬೇಕು ಅಜ್ಜಿ, ಗಾಜು ಬೇಡ. ಬೆಳಕು ಗಾಜಿಗೆ ತಾಗಿ ತಿರುಗಿ ಯಾರದ್ದಾದ್ರೂ ಕಣ್ಣಿಗೆ ಹೊಡೆದ್ರೆ, ಕಣ್ಣು ಹೋದಂಗೇನೆ.”

“ಅಂಗಾದ್ರೆ ತಾಯಿಗೂ ಒಂದು ಕನ್ನಡಕ ಹಾಕ್ಬುಡು!”

ನಾನು ತಮಾಷೆಗೆ ಅಂದೆ. ಅವಳು ನಿಜವಾಗಿಯೂ ಒಂದು ಗಳಿಗೆ ಯೋಚನೆ ಮಾಡಿದಳು! ಕೊನೆಗೆ ತಾಯಿಯನ್ನು ಜನ ಕಾಯುವ ಕೋಣೆಯಲ್ಲಿ, ನನ್ನ ಕುರ್ಚಿಯ ಮೇಲುಗಡೆ ತೂಗುಹಾಕಿದಳು. ಅವತ್ತಿನಿಂದ ನಾವಿಬ್ಬರೂ ಅಲ್ಲೇ ಕೂತು ಬಂದವರನ್ನು ನೋಡಿಕೊಳ್ಳುತ್ತೇವೆ.

ಮಿಷನ್ನಿನ ಕೋಣೆಯೊಳಗೆ ಒಂದೂ ಕನ್ನಡಿಯಿಲ್ಲ. ಮಿಷನ್ನು ನಡೆಯುವಾಗ ದಪ್ಪ ಗಾಜಿನ ಕಪ್ಪು ಕನ್ನಡಕವಿಲ್ಲದೆ ಯಾರೂ ಹೊಸಿಲು ದಾಟುವಂತಿಲ್ಲ. ಒಂದು ದಿನ ಅವಳ ಅಪ್ಪ, ಅಂದರೆ ನನ್ನ ಮಗ, ಬಾಗಿಲು ತಟ್ಟಿ ‘ಊಟಕ್ಕೆ ಸಾರೋ ಹುಳಿಯೋ’ ಅಂತ ಕೇಳಲು ಹೋದ. ಪಾಪ, ಮೊದಲು ಕನ್ನಡಕ ಹಾಕಿಸಿಕೊಂಡು, ಆಮೇಲೆ ಹುಳಿ ಅನ್ನಿಸಿಕೊಂಡು ಬಂದ. ಕನ್ನಡಕದಲ್ಲೇ ಬಂದವನನ್ನು ಕಂಡು ಹೊರಗೆ ಕೂತಿದ್ದವರೆಲ್ಲ ಯಾರೋ ವೆಲ್ಡಿಂಗ್ ಶಾಪಿನವರು ಅಂದುಕೊಂಡರು.

ಇನ್ನು ಬಂದವರ ಪಾಡು ಕೇಳಿ. ವಿಜಯನಗರದಿಂದ ಒಬ್ಬ ತಾಯಿ, ಮದುವೆ ಗೊತ್ತಾದ ಮಗಳನ್ನು ಕರೆದುಕೊಂಡು ಬಂದರು. ಕೆನ್ನೆಯ ಮೇಲಿನ ಸಣ್ಣ ಕೂದಲು ತೆಗೆಸಬೇಕಂತೆ, ಮುಂದಿನ ವಾರವೇ ಮದುವೆಯಂತೆ. ಹುಡುಗಿ ಸಮುದ್ರ ನೋಡಲು ಹೋಗಿ ಬಿಸಿಲಿಗೆ ಕಪ್ಪಗಾಗಿ ಬಂದಿದ್ದಳು. ನನ್ನ ಮೊಮ್ಮಗಳು ಅವಳ ಮುಖ ನೋಡಿದಳು, ಯಾವ ಮಾತ್ರೆ ನುಂಗುತ್ತೀಯ, ಯಾವ ಕ್ರೀಮು ಹಚ್ಚುತ್ತೀಯ ಅಂತೆಲ್ಲ ವಕೀಲರ ಹಾಗೆ ಕೇಳಿದಳು. ಕೊನೆಗೆ, “ಬಿಸಿಲಿನ ಕಪ್ಪು ಇಳೀಲಿ. ಆಮೇಲೆ ದವಡೆ ಕೆಳಗೆ ಒಂದು ಚುಕ್ಕಿಯಷ್ಟು ಹೊಡೆದು ನೋಡ್ತೀನಿ. ಅದು ಸರಿಹೋದ್ರೆ ಮಿಕ್ಕಿದ್ದು” ಅಂದಳು.

“ಅಷ್ಟೊತ್ತಿಗೆ ಮದುವೆ ಮುಗ್ದೋಗಿರುತ್ತೆ ಕಣ್ರೀ!”

“ಮುಗೀಲಿ ಬಿಡಿ ಆಂಟಿ. ಫೋಟೋದಲ್ಲಿ ಈ ಕೂದಲು ಯಾರಿಗೂ ಕಾಣಲ್ಲ. ಸುಟ್ಟ ಗುರುತು ಎಲ್ರಿಗೂ ಕಾಣುತ್ತೆ.”

ಆ ತಾಯಿ ಮುಖ ಊದಿಸಿಕೊಂಡು ಚಪ್ಪಲಿ ಹುಡುಕತೊಡಗಿದರು. ಮಗಳು ಮಾತ್ರ ನಗುತ್ತಾ, “ಬಾಮ್ಮ, ಹುಡುಗ ನನ್ನ ಒಪ್ಪಿರೋದು ಈ ಕೂದಲ ಸಮೇತಾನೇ” ಅಂದಳು.

ಇನ್ನೊಬ್ಬ ಬಂದಿದ್ದ. ಕೈಮೇಲೆ ಒಂದು ಹುಡುಗಿಯ ಹೆಸರು ಹಚ್ಚೆ ಹಾಕಿಸಿಕೊಂಡಿದ್ದ, ನಾಡಿದ್ದು ಬೇರೆ ಹುಡುಗಿಯನ್ನು ನೋಡಲು ಹೋಗಬೇಕಿತ್ತು! ಬಿಟ್ಟು ಬಿಟ್ಟು ತಿಂಗಳುಗಟ್ಟಲೆ ಬರಬೇಕು, ಅವಸರ ಮಾಡಿದರೆ ಹೆಸರು ಹೋದ ಜಾಗದಲ್ಲಿ ಗಾಯ ಉಳಿಯುತ್ತದೆ ಅಂತ ಇವಳು ಹೇಳಿದಳು. ಅಳುಮುಖ ಮಾಡಿಕೊಂಡು ಹೊರಗೆ ಬಂದವನಿಗೆ ನಾನೇ ಬುದ್ಧಿ ಹೇಳಿದೆ: “ತುಂಬುತೋಳಿನ ಶರ್ಟು ಹಾಕ್ಕೊಂಡೋಗಪ್ಪ.” ನೋಡಿ, ಆ ಕ್ಲಿನಿಕ್ಕಿನಲ್ಲಿ ಅವತ್ತೇ ಕೆಲಸ ಮಾಡಿಕೊಟ್ಟವಳು ನಾನೊಬ್ಬಳೇ!

ಹೀಗೆ ಊರವರ ಫಜೀತಿ ನೋಡಿ ನಗುತ್ತಿದ್ದ ನನಗೇ ಸರದಿ ಬಂತು.

ನನ್ನ ಮೂಗಿನ ಮೇಲೆ, ಮೂಗುಬಟ್ಟಿನ ಪಕ್ಕದಲ್ಲೇ, ಒಂದು ಕಪ್ಪು ಮಚ್ಚೆ ಎದ್ದಿತ್ತು. ವಯಸ್ಸಾದ ಮೇಲೆ ಇವೆಲ್ಲ ಇದ್ದದ್ದೇ ಅಂತ ಬಿಟ್ಟಿದ್ದೆ. ಆದರೆ ದೊಡ್ಡ ಮೊಮ್ಮಗನ ಮಗಳು, ಈಗಷ್ಟೇ ಮಾತು ಕಲಿತಿರುವ ನನ್ನ ಮರಿಮಗಳು, ಒಂದು ದಿನ ‘ನೊಣ! ನೊಣ!’ ಅಂತ ನನ್ನ ಮೂಗಿಗೆ ಪಟಾರನೆ ಒಂದು ಏಟು ಕೊಟ್ಟಳು. ನೊಣ ಹಾರಲಿಲ್ಲ. ಮಗು ಹೆದರಿತು. ಅವತ್ತಿನಿಂದ ಕೂಸು ನನ್ನ ಮಡಿಲಿಗೇ ಬರಲೊಲ್ಲದು. ಕೈ ಚಾಚಿದರೆ ಓಡಿಹೋಗಿ ಅಮ್ಮನ ಸೆರಗಿನ ಹಿಂದೆ ನಿಂತು ನನ್ನ ಮೂಗನ್ನೇ ನೋಡುವುದು. ಮಡಿಲಲ್ಲಿ ಮರಿಮಗಳನ್ನು ಕೂರಿಸಿಕೊಳ್ಳಲಾಗದ ಮುದುಕಿ ಇದ್ದರೆಷ್ಟು, ಬಿಟ್ಟರೆಷ್ಟು?

ಪಕ್ಕದ ಮನೆಯ ಮೇರಮ್ಮ ‘ಸುಣ್ಣ ಹಚ್ಚಿ ನೋಡಿ, ಉದುರೋಗುತ್ತೆ’ ಅಂದರು. ಹಚ್ಚಿಕೊಂಡು ಕೂತಿದ್ದೆ. ಮೊಮ್ಮಗಳ ಕಣ್ಣಿಗೆ ಬಿತ್ತು.

“ಅಜ್ಜೀ! ಮೂಗೇನು ಗೋಡೆನಾ, ಸುಣ್ಣ ಬಳಿಯಕ್ಕೆ?”

“ಅಂಗಾದ್ರೆ ನಿನ್ನ ಬೆಳಕಲ್ಲೇ ತೆಗೆದ್ಬುಡು. ಕೂಸು ಮಡ್ಲಿಗೆ ಬರ್ತಿಲ್ಲ ಕಣವ್ವ.”

ಮೂಗು ತೊಳೆಸಿ, ದೀಪ ಇರುವ ಒಂದು ಸಣ್ಣ ಭೂತಗನ್ನಡಿ ಇಟ್ಟು ನೋಡಿದಳು. ಬಹಳ ಹೊತ್ತು ನೋಡಿದಳು. ಬಯ್ಯಲಿಲ್ಲ. ಇವಳು ಬಯ್ಯದೆ ಸುಮ್ಮನಿದ್ದದ್ದನ್ನು ನಾನು ಅದೇ ಮೊದಲು ಕಂಡದ್ದು.

“ಇದಕ್ಕೆ ಲೇಸರ್ ಹೊಡೆಯಲ್ಲ ಅಜ್ಜಿ. ಮೊದಲು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸ್ಬೇಕು. ಹೆಸರು ಗೊತ್ತಿಲ್ಲದ ಮಚ್ಚೆಗೆ ನಾನು ಬೆಳಕು ಬಿಡಲ್ಲ.”

ನನಗೆ ರೇಗಿತು. ಊರವರ ಮಚ್ಚೆಗೆಲ್ಲ ಬೆಳಕು, ಹೆತ್ತಪ್ಪನ ಅಮ್ಮನ ಮೂಗಿಗೆ ಕತ್ತರಿ! ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಮೇರಮ್ಮನ ಜೊತೆ ಆಟೋ ಹತ್ತಿ ಅಗ್ರಹಾರಕ್ಕೆ ಹೋದೆ. ಅಲ್ಲಿ ಒಂದು ಸಣ್ಣ ಗಲ್ಲಿಯ ಮಹಡಿಯಲ್ಲಿ ಬ್ಯೂಟಿ ಪಾರ್ಲರ್ ಇದೆ, ಐದೇ ನಿಮಿಷದಲ್ಲಿ ಮಚ್ಚೆ ತೆಗೆಯುತ್ತಾರೆ ಅಂತ ಮೇರಮ್ಮನಿಗೆ ಯಾರೋ ಹೇಳಿದ್ದರಂತೆ.

ಅಲ್ಲಿನ ಹುಡುಗಿ ತುಂಬಾ ಮರ್ಯಾದೆಯವಳು. ‘ಬನ್ನಿ ಅಜ್ಜಿ, ಮಲಕ್ಕೊಳ್ಳಿ’ ಅಂದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಲಗಿದೆ. ಎದುರಿಗೆ ಗೋಡೆಯಗಲ ಕನ್ನಡಿ! ಅದರೊಳಗೆ ನಾನು, ನನ್ನ ಮೂಗುಬಟ್ಟು, ಆ ಮಿಷನ್ನು.

“ಆ ಕನ್ನಡಿ ಮುಚ್ಚವ್ವ” ಅಂದೆ.

“ಯಾಕಜ್ಜಿ, ನಾಚ್ಕೆನಾ?”

“ಕನ್ನಡಕ ಎಲ್ಲಿ?”

“ಕಣ್ಣು ಮುಚ್ಕೊಳ್ಳಿ ಸಾಕು.”

“ಡಾಕ್ಟ್ರು ಯಾರು?”

“ಡಾಕ್ಟ್ರು ಯಾಕಜ್ಜಿ? ಮಿಷನ್ನೇ ಎಲ್ಲಾ ಮಾಡುತ್ತೆ.”

ಗಾಜಿದೆ ಅಂತ ತಾಯಿ ಚಾಮುಂಡಿಯನ್ನೇ ಬಾಗಿಲಲ್ಲಿ ತಡೆದವಳ ಮನೆಯಲ್ಲಿ ಊಟ ಮಾಡುವವಳು ನಾನು! ಅಷ್ಟು ದಿನ ಕುರ್ಚಿಯಲ್ಲಿ ಕೂತು ನಕ್ಕಿದ್ದೆಲ್ಲ ಮೈಯೊಳಗೆ ಇಳಿದುಬಿಟ್ಟಿತ್ತೋ ಏನೋ, ಕಾಲು ತಾನಾಗಿ ಕೆಳಗಿಳಿಯಿತು. ‘ಏನಾಯ್ತು, ಏನಾಯ್ತು’ ಅಂತ ಮೇರಮ್ಮ ಮೆಟ್ಟಿಲುದ್ದಕ್ಕೂ ಕೇಳುತ್ತಾ ಬಂದರು. ಮನೆಗೆ ಬಂದು ಮೊಮ್ಮಗಳ ಮುಂದೆ ಮೂಗು ಚಾಚಿದೆ. “ತಕ್ಕೋ, ಎಷ್ಟು ಬೇಕೋ ಕತ್ತರಿಸ್ಕೊ.”

ಪರೀಕ್ಷೆಯಲ್ಲಿ ಮಚ್ಚೆಯ ಹೆಸರು ಗೊತ್ತಾಯಿತು. ಕ್ಯಾನ್ಸರ್.

ಅವಳು ನನ್ನ ಎದುರು ಕೂತು ನೆಟ್ಟಗೆ ಹೇಳಿದಳು, ದನಿ ಅಲುಗಲಿಲ್ಲ. “ಮೆಲ್ಲಗೆ ಬೆಳೆಯೋ ಜಾತಿ ಅಜ್ಜಿ. ಬೇರೆ ಕಡೆ ಹರಡೋದು ತೀರಾ ಅಪರೂಪ. ಪೂರ್ತಿ ಕತ್ತರಿಸಿ ತೆಗೆದ್ರೆ ಸರಿಹೋಗುತ್ತೆ.”

“ಬೆಳಕು ಹೊಡ್ಸಿದ್ರೆ ಎಂಗಾಗಿರೋದು?”

“ಮೇಲಿನ ಕಪ್ಪು ಮಾಯ ಆಗಿರೋದು. ಇದು ಒಳಗೊಳಗೇ ಬೆಳೀತಿರೋದು. ನಾವೆಲ್ಲ ಮಚ್ಚೆ ಹೋಯ್ತು ಅಂತ ಸಿಹಿ ಹಂಚಿರ್ತಿದ್ವಿ.”

ಆಪರೇಷನ್ನು ದೊಡ್ಡ ಆಸ್ಪತ್ರೆಯಲ್ಲಾಯಿತು. ಮದುವೆಯ ದಿನದಿಂದ ತೆಗೆಯದಿದ್ದ ಮೂಗುಬಟ್ಟನ್ನು ಸೋಪಿನ ನೀರು ಹಾಕಿ ಮೊಮ್ಮಗಳೇ ತೆಗೆದಳು, ಒಂದಿಷ್ಟೂ ನೋಯಲಿಲ್ಲ. ಮಚ್ಚೆ ಕತ್ತರಿಸಿದ ಜಾಗಕ್ಕೆ ಕಿವಿಯ ಹಿಂದಿನ ಚರ್ಮ ತಂದು ತೇಪೆ ಹಾಕಿದರು. ಈಗ ನನ್ನ ಮೂಗಿಗೂ ಕಿವಿ ಕೇಳಿಸುತ್ತದೋ ಏನೋ! ಹೊಲಿಗೆ ಬಿಚ್ಚಿದ ದಿನ ಮರಿಮಗಳು ದೂರದಿಂದ ನೋಡಿದಳು, ಹತ್ತಿರ ಬಂದಳು, ಬೆರಳಿಟ್ಟು ನೋಡಿದಳು. ‘ನೊಣ ಹೋಯ್ತು’ ಅಂತ ನನ್ನ ಮಡಿಲೇರಿ ಕೂತಳು. ನನಗೆ ಆದ ಸಂತೋಷವನ್ನು ನನ್ನ ನಾಲ್ಕನೇ ಕ್ಲಾಸಿನಲ್ಲಿ ಹೇಗೆ ಬರೆಯಲಿ? ಸಿಕ್ಕವರಿಗೆಲ್ಲ ಹೇಳಿದೆ. ಹಾಲಿನವನಿಗೆ ಎರಡು ಸಲ ಹೇಳಿದೆ.

ಒಂದೇ ಒಂದು ಬಾಕಿಯಿತ್ತು. ಬೇರು ಉಳಿದಿದೆಯೋ ಇಲ್ಲವೋ ಅಂತ ತಿಳಿಸುವ ಕೊನೆಯ ರಿಪೋರ್ಟು. ಅದು ಬಂದ ದಿನ ಮೊಮ್ಮಗಳು ನನ್ನನ್ನು ಮಿಷನ್ನಿನ ಕೋಣೆಗೆ ಕರೆದಳು. ಹೊಸಿಲಲ್ಲೇ ಕಪ್ಪು ಕನ್ನಡಕ ಹಾಕಿಸಿದಳು, ತಾನೂ ಹಾಕಿಕೊಂಡಳು, ಬಾಗಿಲು ಹಾಕಿದಳು.

“ಬೇರು ಸಮೇತ ಪೂರ್ತಿ ಬಂದಿದೆ ಅಜ್ಜಿ. ಏನೂ ಉಳಿದಿಲ್ಲ.”

ನಾನು ಕೈ ಮುಗಿದೆ, ಗೋಡೆಯ ಆಚೆ ಇರುವ ತಾಯಿಗೋ ಎದುರು ನಿಂತವಳಿಗೋ ನನಗೇ ಗೊತ್ತಾಗಲಿಲ್ಲ.

“ಅಗ್ರಹಾರದ ವಿಷಯ ಮೇರಮ್ಮ ಆಂಟಿ ಹೇಳಿದ್ರು” ಅಂದಳು. “ಮಲಗಿದ್ದೋಳು ಯಾಕೆ ಎದ್ದು ಬಂದೆ?”

“ಅವ್ರು ಕನ್ನಡಕ ಕೊಡ್ಲಿಲ್ಲ ಕಣವ್ವ.”

ಅವಳು ತನ್ನ ಕನ್ನಡಕವನ್ನು ಇನ್ನಷ್ಟು ಒತ್ತಿಕೊಂಡಳು. ನೋಡಿದರೆ ಮಿಷನ್ನಿನ ಪ್ಲಗ್ಗೇ ಕಿತ್ತು ಬಿದ್ದಿತ್ತು.

“ಮಿಷನ್ನೇ ಆರಿಸಿದ್ದೀಯಲ್ಲೇ, ಮತ್ತೆ ಈ ಕನ್ನಡಕ ಯಾಕೆ?”

“ರೂಲ್ಸು ಅಂದ್ರೆ ರೂಲ್ಸು ಅಜ್ಜಿ” ಅಂದಳು. ಅವಳ ಕನ್ನಡಕದ ಅಂಚಿನಿಂದ ನೀರು ಗಲ್ಲಕ್ಕೆ ಇಳಿಯುತ್ತಿತ್ತು. ನನ್ನದರಿಂದಲೂ.

ಆ ಕೋಣೆಯಲ್ಲಿ ಸಿಟ್ಟಿನ ಬೆಳಕು ಯಾವುದೂ ಇರಲಿಲ್ಲ. ನಾವಿಬ್ಬರೂ ಬಹಳ ಹೊತ್ತು ಕನ್ನಡಕ ತೆಗೆಯಲಿಲ್ಲ.