ಮಗ್ಗದ ಮನೆಯ ಕಂಪ್ಯೂಟರ್

ರಿಪೇರಿ ಕಸುಬಿನವನಿಗೆ ಒಂದು ಶಾಪವಿದೆ. ಕೆಟ್ಟ ಸಾಮಾನು ಅವನೆದುರಿಗೆ ಮಾತ್ರ ಚೆನ್ನಾಗಿ ನಡೆಯುತ್ತದೆ. ತೊಂಬತ್ತರ ದಶಕದ ಮೊದಲಲ್ಲಿ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಟಿವಿ, ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಇಂಥ ಫಜೀತಿಗಳಿಗೆ ಬರವಿರಲಿಲ್ಲ. ಒಂದೇ ಮನೆಯದನ್ನು ಹೇಳುತ್ತೇನೆ. ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ, ಆಮೇಲೆ ಮಾತು ಬದಲಿಸುತ್ತೇನೆ.

೧. ಮೆಮೊರಿಗೆ ಕುಂಕುಮ

ಅದು ಪವರ್‌ಲೂಮ್ ಮನೆ. ಮುಂದೆ ವಾಸ, ಹಿಂದೆ ರೇಷ್ಮೆ ಸೀರೆ ನೇಯುವ ಮಗ್ಗಗಳು, ನಡುವೆ ಒಂದೇ ಗೋಡೆ. ಯಜಮಾನರ ಮಗಳಿಗೆ ಮದುವೆ ಗೊತ್ತಾಗಿತ್ತು. ಧಾರೆ ಸೀರೆಯ ಅಂಚನ್ನು ತಾನೇ ಬರೆಯಬೇಕು, ಅಪ್ಪ ಅದನ್ನು ನೇಯಬೇಕು ಅನ್ನೋದು ಅವಳ ಆಸೆ. ಬೆಂಗಳೂರಿನ ನೆಂಟರು ಬೇಡವೆಂದು ಕೊಟ್ಟ, ಟಿವಿಗೆ ಸಿಕ್ಕಿಸುವಂಥ ಹಳೇ ಕಂಪ್ಯೂಟರಿನಲ್ಲಿ ಚುಕ್ಕಿ ಚುಕ್ಕಿ ಸೇರಿಸಿ ಆನೆ ಬರೆಯುತ್ತಿದ್ದಳು. ಸೊಂಡಿಲು, ಕಿವಿ ಮುಗಿಯುವಷ್ಟರಲ್ಲಿ ಮೆಮೊರಿ ತುಂಬಿಹೋಗುತ್ತಿತ್ತು.

ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ ಮೆಮೊರಿ ಡಬ್ಬಿಯೊಂದನ್ನು ಹುಡುಕಿ ತಂದೆ. ನಾನು ಕಾಫಿ ಕುಡಿಯುವಷ್ಟರಲ್ಲಿ ಯಜಮಾನರು ಅದನ್ನು ದೇವರ ಮನೆಗೆ ಒಯ್ದು ಪೂಜೆ ಮಾಡಿಸಿಕೊಂಡು ಬಂದರು. ಸಿಕ್ಕಿಸಿದರೆ ಪರದೆ ಕಪ್ಪು. ತೆಗೆದು ನೋಡಿದೆ, ಡಬ್ಬಿಯ ಹಿತ್ತಾಳೆ ಹಲ್ಲುಗಳಿಗೆಲ್ಲ ಗಂಧ, ಕುಂಕುಮ.

"ಯಜಮಾನ್ರೇ, ಡಬ್ಬಿ ಮೇಲೆ ಹಚ್ಚಬಾರ್ದಿತ್ತಾ?"

"ಕೆಲ್ಸ ಮಾಡೋದು ಹಲ್ಲಲ್ವಾ ಸ್ವಾಮಿ? ಮಗ್ಗಕ್ಕಾದ್ರೂ ನೂಲು ಹೊತ್ತು ಓಡೋ ಲಾಳಿಗೆ ಹಚ್ತೀವಿ, ಗೋಡೆಗೆ ಹಚ್ತೀವಾ?"

೨. ನನ್ನ ಕೈಗುಣ

ಹಲ್ಲು ಉಜ್ಜಿ ಸಿಕ್ಕಿಸಿದೆ, ನಡೆಯಿತು. ಮಾರನೇ ದಿನವೇ ಯಜಮಾನರು ಅಂಗಡಿಗೆ ಬಂದರು. "ಆನೆ ಹೊಟ್ಟೆ ಹತ್ರ ಬರ್ತಿದ್ದಂಗೇ ನಿಂತೋಯ್ತು. ಬರೆದಿದ್ದೆಲ್ಲಾ ಅಳಿಸೋಯ್ತು." ಬರೆದದ್ದನ್ನು ಕ್ಯಾಸೆಟ್ಟಿನಲ್ಲಿ ಉಳಿಸುವ ಭಾಗ ನೆಂಟರ ಮನೆಯಲ್ಲೇ ಕೆಟ್ಟಿತ್ತು. ಹಾಗಾಗಿ ನಿಂತರೆ ಮತ್ತೆ ಸೊಂಡಿಲಿನಿಂದಲೇ ಶುರು.

ನಾನು ಹೋದೆ, ನಡೆಯಿತು. ವಾಪಸ್ ಬಂದೆ, ನಿಂತಿತು. ಅಂಗಡಿಗೆ ತಂದು ಇಡೀ ದಿನ ಹಾಕಿಟ್ಟರೆ ಒಂದು ಸಲವೂ ನಿಲ್ಲಲಿಲ್ಲ. ಡಬ್ಬಿ ಬದಲಾಯಿಸಿದೆ, ವೈರು ಬದಲಾಯಿಸಿದೆ. ಏನು ಮಾಡಿದರೂ ನಾನು ಕೂತಿರುವವರೆಗೆ ಆನೆಗೆ ಕಾಲು ಮೂಡುತ್ತಿತ್ತು, ನಾನೆದ್ದರೆ ಆನೆ ಮಾಯ. ಆ ಹುಡುಗಿ ಅತ್ತು ಅತ್ತು ಮತ್ತೆ ಬರೆಯುತ್ತಿದ್ದಳು. ನೋಡಲಾಗುತ್ತಿರಲಿಲ್ಲ.

ಕೊನೆಗೆ ಯಜಮಾನರೇ ತೀರ್ಮಾನ ಕೊಟ್ಟರು. "ಇದು ನಿಮ್ ಕೈಗುಣ ಸ್ವಾಮಿ. ನೀವೇನೂ ರಿಪೇರಿ ಮಾಡ್ಬೇಡಿ, ಬಂದು ಸುಮ್ನೆ ಕೂತ್ಕೊಳ್ಳಿ."

ಅಂಗಡಿಗೆ ಬೀಗ ಹಾಕಿ ಹೋಗಿ ಕೂರತೊಡಗಿದೆ. ಎಷ್ಟು ಕೂತರೂ ಊಟಕ್ಕೆ ಏಳಲೇಬೇಕಲ್ಲ, ಎದ್ದ ಕೂಡಲೇ ಅದೇ ಕತೆ. ಅಷ್ಟರಲ್ಲಿ ಪಕ್ಕದ ಅಂಗಡಿಯವರು ಮದುವೆ ಗಂಡು ನಾನೇನಾ ಅಂತ ವಿಚಾರಿಸಲು ಶುರುಮಾಡಿದ್ದರು.

೩. ಕೊನೇ ಬಸ್ಸು

ಸೀರೆಯನ್ನು ಮಗ್ಗಕ್ಕೆ ಏರಿಸಲು ಶಾಸ್ತ್ರಿಗಳು ಮುಹೂರ್ತ ಇಟ್ಟುಕೊಟ್ಟರು. ಅದು ಬಿಟ್ಟರೆ ಮದುವೆಗೆ ಮುಂಚೆ ಇನ್ನೊಂದಿಲ್ಲ. ಅದರ ಹಿಂದಿನ ದಿನ ಬೆಳಿಗ್ಗೆಯೇ, ಆನೆಯನ್ನು ಕಾಗದಕ್ಕೆ ಇಳಿಸಲು ಅಂಗಡಿಯ ಪ್ರಿಂಟರ್ ಹೊತ್ತುಕೊಂಡು ಹೋಗಿ ಕೂತೆ. ತಿಂಡಿ, ಊಟ ಎಲ್ಲ ಕೂತಲ್ಲಿಗೇ ಬಂತು. ಸಂಜೆಗೆ ಆನೆಗೆ ಬಾಲವೂ ಬಂತು. ಪ್ರಿಂಟರ್ ಕೊರ್ ಕೊರ್ ಎನ್ನುತ್ತಾ ಸೊಂಡಿಲು, ಕಿವಿ, ಮುಂಗಾಲುಗಳನ್ನು ಕಾಗದಕ್ಕೆ ಇಳಿಸಿತು. ಕುಂದಾಣದ ನನ್ನ ಮನೆಗೆ ಹೋಗುವ ಕೊನೇ ಬಸ್ಸಿಗೆ ಹೊತ್ತಾಗಿತ್ತು.

"ಇನ್ನೊಂದ್ ಲೋಟ ಕಾಫಿ ಕುಡೀರಣ್ಣ," ಅಂದಳು ಹುಡುಗಿ.

"ಮುಗೀತಾ ಬಂತಲ್ಲಮ್ಮಾ, ಬರ್ತೀನಿ," ಅಂತ ಎದ್ದೆ. ಆ ಒಂದು ಲೋಟ ಕಾಫಿ ಕುಡಿಯಬೇಕಿತ್ತು ಅಂತ ಇವತ್ತಿಗೂ ಅನಿಸುತ್ತದೆ.

ಗೇಟಿನವರೆಗೆ ಹೋದವನು, ಕೊಡೆ ಮರೆತು ಬಂದೆನಲ್ಲ ಎಂದು ಹಿಂದಿರುಗಿದೆ. ಮನೆಗೆ ಮನೆಯೇ ನಡುಗುತ್ತಿತ್ತು. ಗೋಡೆಯಾಚೆ ಮಗ್ಗಗಳು ಶುರುವಾಗಿದ್ದವು. ಮೇಜು ಅದುರಿ, ಬೆನ್ನಿನ ಡಬ್ಬಿ ಸಡಿಲವಾಗಿ, ಪರದೆ ನನ್ನ ಕಣ್ಣೆದುರಿಗೇ ಕಪ್ಪಾಯಿತು. ಪ್ರಿಂಟರಿನಲ್ಲಿ ಹೊಟ್ಟೆಯವರೆಗಿನ ಆನೆ ನೇತಾಡುತ್ತಿತ್ತು.

"ಯಜಮಾನ್ರೇ, ನಾನು ಬಂದಾಗ ಒಂದಿನಾನೂ ಈ ಮಗ್ಗ ಓಡ್ತಿರ್ಲಿಲ್ವಲ್ಲ?"

"ಮನೆಗೆ ಬಂದೋರ ಮುಂದೆ ಸದ್ದು ಮಾಡ್ತಾರಾ ಸ್ವಾಮಿ? ನೀವು ಬಂದ್ರೆ ನಿಲ್ಲಿಸ್ತೀವಿ, ಎದ್ರೆ ಹಾಕ್ತೀವಿ. ಅಷ್ಟೂ ಮರ್ಯಾದೆ ಗೊತ್ತಿಲ್ವಾ ನಮಗೆ?"

ಜೀವನದಲ್ಲಿ ಅಷ್ಟು ಮರ್ಯಾದೆ ನನಗೆ ಇನ್ನೆಲ್ಲೂ ಸಿಕ್ಕಿಲ್ಲ. ಅಲ್ಲೂ ಸಿಗಬಾರದಿತ್ತು.

೪. ಧಾರೆ ಸೀರೆ

ಮತ್ತೆ ಸೊಂಡಿಲಿನಿಂದ ಬರೆಯಲು ಇಡೀ ದಿನ ಬೇಕು, ಉಳಿದದ್ದನ್ನು ಕೈಯಲ್ಲೇ ಬರೆದು ಮುಗಿಸೋಣ ಅಂದೆ. ನೇಯುವುದು ಕಾಗದದ ಚುಕ್ಕಿ ಎಣಿಸಿಯೇ, ಒಂದು ಚುಕ್ಕಿ ತಪ್ಪಿದರೂ ಸೀರೆಯೇ ಕೆಡುತ್ತದೆ ಅಂತ ಹುಡುಗಿಯೇ ಬೇಡವೆಂದಳು. ಮುಹೂರ್ತ ಮೀರಲು ಯಜಮಾನರು ಒಪ್ಪಲಿಲ್ಲ. ಬಂದಷ್ಟು ಆನೆಯನ್ನೇ ಮಗ್ಗಕ್ಕೆ ಏರಿಸಿದರು.

ಮದುವೆಗೆ ನನ್ನನ್ನೂ ಕರೆದಿದ್ದರು. ಧಾರೆ ಮುಗಿದು ಗಂಡುಹೆಣ್ಣು ನಾನು ಕೂತಿದ್ದ ಊಟದ ಪಂಕ್ತಿಯ ಕಡೆ ಬಂದರು. ಕೆಂಪು ಸೀರೆಯ ಅಂಚಿನುದ್ದಕ್ಕೂ ಜರಿಯ ಆನೆಗಳು ಸಾಲಾಗಿ ಹೊರಟಿದ್ದವು, ಒಂದಕ್ಕೂ ಹಿಂಭಾಗವಿಲ್ಲ. ಗಂಡಿನ ಕಡೆಯ ಅಜ್ಜಿಯೊಬ್ಬರು ಅಂಚು ಹಿಡಿದು ನೋಡಿದರು. "ಆನೆ ಚೆಂದಾಗೈತೆ ಕಣವ್ವ. ಹಿಂದ್ಗಡೆ ಎಲ್ಲೋಯ್ತು?"

ಮದುಮಗಳು ನನ್ನ ಕಡೆ ಕೈ ತೋರಿಸಿದಳು. "ಅಗೋ, ಆ ಅಣ್ಣ ಎದ್ದೋದಾಗ ಅವ್ರ ಜೊತೇಲೇ ಎದ್ದೋಯ್ತು ಅಜ್ಜಿ."

ಪಂಕ್ತಿಯೆಲ್ಲ ನಕ್ಕಿತು. ಅವಳೂ ನಕ್ಕಳು, ನಗುತ್ತಲೇ ಅಂಚನ್ನು ಒಳಕ್ಕೆ ಮಡಚಿಕೊಂಡಳು. ನಾನು ಕೈಲಿದ್ದ ಹೋಳಿಗೆಯನ್ನು ಎಲೆಗೇ ಹಾಕಿದೆ. ಎದ್ದುಬಿಡೋಣ ಅಂತ ಎಲೆ ಮಡಚಲು ಹೋದೆ. ಪಾಯಸ ಬಡಿಸುತ್ತಿದ್ದ ಯಜಮಾನರು ಓಡಿ ಬಂದು ನನ್ನ ಭುಜ ಒತ್ತಿ ಹಿಡಿದರು.

"ಕೂತ್ಕೊಳ್ಳಿ ಸ್ವಾಮಿ. ಇನ್ನೂ ಹೆಣ್ಣೊಪ್ಪಿಸೋ ಶಾಸ್ತ್ರ ಬಾಕಿ ಅದೆ. ನೀವೆದ್ರೆ ಅದೆಲ್ಲಿ ಅರ್ಧಕ್ಕೆ ನಿಂತೋಗ್ತದೋ."