ಕಾಕಾನ ಕೋಟೆಗೊಬ್ಬ ದಲ್ಲಾಳಿ

ನಮ್ಮ ಕಾಕಾ ಎರಡು ವರ್ಷ ರಾಜ್ಯಭಾರ ಮಾಡಿದವರು ಎಂದರೆ ನೀವು ನಂಬಲಿಕ್ಕಿಲ್ಲ. ನವನಗರದ ಸೈಬರ್ ಕೆಫೆಯ ಮೂರನೇ ಕಂಪ್ಯೂಟರಿನ ಆಟವೊಂದರಲ್ಲಿ ಅವರಿಗೊಂದು ಕೋಟೆ, ನಲವತ್ತು ಕುದುರೆ, ಒಂದು ಕಣಜ ಇದ್ದವು. ಹತ್ತಿ ವ್ಯಾಪಾರ ಬಿಟ್ಟ ಮೇಲೆ ಮನುಷ್ಯನಿಗೆ ಏನಾದರೂ ಉದ್ಯೋಗ ಬೇಡವೇ? ದಿನಾ ಸಂಜೆ ಐದಕ್ಕೆ ಹೋಗಿ, ಮೊದಲು ಮೌಸ್‌ಗೆ ಕೈಮುಗಿದು ಆಮೇಲೆ ಸಿಂಹಾಸನ ಏರುತ್ತಿದ್ದರು!

ಈ ಹುಚ್ಚಿಗೂ ಒಂದು ಕಾರಣವಿತ್ತು. ಎರಡು ಓಣಿ ಆಚೆಗಿದ್ದ ಅವರ ತಮ್ಮ, ಅಂದರೆ ನಮ್ಮ ಸಣ್ಣ ಕಾಕಾ, ಮನೆಯಲ್ಲೇ ಕೂತು ಅದೇ ಆಟ ಆಡುತ್ತಿದ್ದರು. ಅಂಗಡಿ ಪಾಲಾದಾಗ ಅಪ್ಪನ ತಕ್ಕಡಿ ಯಾರಿಗೆ ಎಂಬ ಮಾತಿಗೆ ಮುನಿಸಿಕೊಂಡ ಅಣ್ಣತಮ್ಮ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ತಮ್ಮನ ದಂಡಿಗೆ ಸೇರಿದರೆ ಆಟದೊಳಗೆ ಅವರಿಗೆ ನಾಲ್ಕು ಮಾತು ಬರೆಯಬಹುದಿತ್ತು. ಸೇರಲು ಮೂವತ್ತನೇ ಲೆವೆಲ್ ಮುಟ್ಟಿರಬೇಕು. ಕಾಕಾ ವರ್ಷ ಎರಡಾಗುತ್ತ ಬಂದರೂ ಒಂಬತ್ತರಲ್ಲೇ ಬೀಡುಬಿಟ್ಟಿದ್ದರು.

“ಎರಡು ಓಣಿ ನಡದ್ರ ಮನೀನ ಐತಲ್ರಿ ಕಾಕಾ,” ಎಂದೆ.

“ಹಂಗ ಹ್ಯಾಂಗ ಹೋಗೂದು? ಮೊದಲ ಹೋದಾಂವ ಸೋತಂಗ.”

ಕೊನೆಗೆ ಬೇಲೂರು ಕೈಗಾರಿಕಾ ಪ್ರದೇಶದ ಫಿಟ್ಟರ್ ಒಬ್ಬ ಗಂಟುಬಿದ್ದ. ದುಡ್ಡು ಕೊಟ್ಟರೆ ಇವರ ಹೆಸರಿನಲ್ಲಿ ತಾನೇ ಆಡಿ, ಹದಿನೈದು ದಿನದಲ್ಲಿ ಮೂವತ್ತು ಮುಟ್ಟಿಸುತ್ತೇನೆಂದ. ಜೀವನವಿಡೀ ದಲ್ಲಾಳಿಯ ಮೂಲಕವೇ ಹತ್ತಿ ಮಾರಿದವರಿಗೆ ಇದರಲ್ಲಿ ಏನು ತಪ್ಪು ಕಾಣಬೇಕು? ಆದರೆ ಪಾಸ್‌ವರ್ಡನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡರಲ್ಲ ಅವರು. ಹೆಗಲ ಮೇಲಿನ ಟವೆಲ್ ಮುಚ್ಚಿ, ಅದರಡಿ ಫಿಟ್ಟರನ ಬೆರಳು ಹಿಡಿದು, ಪೇಟೆಯಲ್ಲಿ ಗುಟ್ಟಾಗಿ ದರ ತಿಳಿಸುವ ಹಾಗೆ ಆರು ಅಂಕಿ ಒತ್ತಿದರು. ಅವನಿಗೆ ಬೆರಳಿನ ಲೆಕ್ಕ ಬಾರದೆ ಮೂರು ಸಲ ಒತ್ತಬೇಕಾಯಿತು.

“ಯಾರಿಗೂ ಗೊತ್ತಾಗಂಗಿಲ್ಲ ನೋಡು,” ಎಂದು ನನ್ನತ್ತ ಕಣ್ಣು ಮಿಟುಕಿಸಿದರು. ಗೊತ್ತಾಗಬಾರದವನಿಗೇ ಗೊತ್ತಾಗಿತ್ತು, ಅಷ್ಟೆ.

ಹದಿನೈದನೇ ದಿನ ಕಾಕಾ ಮೂವತ್ತನೇ ಲೆವೆಲ್ ಮುಟ್ಟಿ, ಕೆಫೆಯಲ್ಲೆಲ್ಲ ಪೇಡೆ ಹಂಚಿದರು. ಹದಿನಾರನೇ ದಿನ ಫಿಟ್ಟರ್ ಪಾಸ್‌ವರ್ಡ್ ಬದಲಿಸಿದ. ಕಾಕಾನ ಹೆಸರಿನಲ್ಲೇ ಸಣ್ಣ ಕಾಕಾನ ದಂಡು ಸೇರಿ, ಆ ತಮ್ಮನ ಕಣಜ ದೋಚಿ, ತಮ್ಮನ ಕೋಟೆಗೆ ಬೆಂಕಿಯಿಟ್ಟು ಮಾಯವಾದ. ಈ ಸುದ್ದಿಯನ್ನು ಕೆಫೆಯವರು ಪರದೆಯ ಮೇಲೆ ತೋರಿಸಿದರು. ಒಬ್ಬರ ಖಾತೆಯಲ್ಲಿ ಇನ್ನೊಬ್ಬರು ಆಡಿದ್ದಾರೆಂದು ಆಟದ ಕಂಪನಿಯವರು ಮರುದಿನ ಖಾತೆಯನ್ನೇ ಮುಚ್ಚಿದರು.

ಖಾತೆ ಹೋದದ್ದಕ್ಕೆ ಕಾಕಾ ತಲೆ ಕೆಡಿಸಿಕೊಳ್ಳಲಿಲ್ಲ. “ನಾನ ಸುಟ್ಟೇನಿ ಅಂತ ತಿಳ್ಕೊಂಡಿರ್ತಾನ ತಮ್ಮ,” ಎಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ನನ್ನನ್ನು ಜೊತೆಗೆ ಕರೆದುಕೊಂಡು ಆ ಎರಡು ಓಣಿ ನಡೆದೇಬಿಟ್ಟರು. ಬಾಗಿಲು ತೆಗೆದವರು ಸಣ್ಣ ಕಾಕಾ.

“ನಿನ್ನ ಕೋಟಿ ಸುಟ್ಟಾಂವ ನಾ ಅಲ್ಲೋ ತಮ್ಮಾ,” ಎಂದರು ಕಾಕಾ. ಹನ್ನೊಂದು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

“ಗೊತ್ತೈತಿ ಬಿಡಣ್ಣಾ. ಅಷ್ಟು ಛಲೋ ಆಡಾಕ ನಿನಗೆಲ್ಲಿ ಬರತೈತಿ?”

ಕಾಕಾ ನಗಲು ಹೋಗಿ ಅತ್ತುಬಿಟ್ಟರು. ಸಣ್ಣ ಕಾಕಾ ಅಣ್ಣನ ಕೈಹಿಡಿದು ಒಳಗೆ ಕರೆದೊಯ್ದು, ಅಡಿಗೆಮನೆಯತ್ತ ಕೂಗಿ ಎರಡು ಕಪ್ ಚಹಾ ಹೇಳಿದರು. ನಾನೂ ಬಂದಿದ್ದೇನೆ ಎಂಬುದು ಇಬ್ಬರಿಗೂ ನೆನಪಿರಲಿಲ್ಲ. ಕುಡಿಯದ ಚಹಾದಿಂದ ನನಗೆ ಅಷ್ಟು ಸಂತೋಷವಾದದ್ದು ಅದೊಂದೇ ಸಲ.